ಮಕ್ಕಳ ಹೊರಸಂಚಾರವನ್ನು ಪಾಠಕ್ಕೆ ಜೋಡಿಸುವುದು ಹೇಗೆ? ಪ್ರಾಥಮಿಕ ಶಾಲೆಗಳಿಗೊಂದು ಮಾರ್ಗದರ್ಶಿ

ನವೆಂಬರ್ ಹತ್ತಿರವಾದಂತೆ ಶಿಕ್ಷಕರಿಂದ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಂದ, ಕೆಲವೊಮ್ಮೆ ಪಾಲಕರಿಂದಲೂ ಒಂದೇ ಪ್ರಶ್ನೆ ಬರುತ್ತದೆ: ಈ ವರ್ಷ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಅದರ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು. ಅನುಮತಿ ಯಾರು ಕೊಡಬೇಕು, ಬಸ್ ಎಲ್ಲಿ ಸಿಗುತ್ತದೆ, ಹೋಗಿ ಬಂದದ್ದರಿಂದ ಮಕ್ಕಳು ನಿಜಕ್ಕೂ ಏನಾದರೂ ಕಲಿಯುತ್ತಾರೆಯೇ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ. ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಉದಾಹರಣೆಗಳು ಹೆಚ್ಚಾಗಿ ಬಾಗಲಕೋಟೆ ಜಿಲ್ಲೆಯವು. ವಿಜಯಪುರ, ಬೆಳಗಾವಿಯ ಶಾಲೆಗಳೂ ಇದೇ ಕ್ರಮವನ್ನು ಅನುಸರಿಸಬಹುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು ಮತ್ತು ಐಹೊಳೆ, ಸಂಜೆ ಕೂಡಲಸಂಗಮ, ಕತ್ತಲಾದ ಮೇಲೆ ಆಲಮಟ್ಟಿಯ ಕಾರಂಜಿ ಎಂದು ಓಡಿಸುವ ಪ್ರವಾಸದಲ್ಲಿ ಎಂಟು ವರ್ಷದ ಮಗು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ. ಒಂದು ದಿನಕ್ಕೆ ಒಂದು ಜಾಗ, ಆ ಜಾಗಕ್ಕೆ ಎರಡೋ ಮೂರೋ ಪ್ರಶ್ನೆಗಳು. ಇಷ್ಟಕ್ಕೆ ಒಪ್ಪಿದರೆ ಉಳಿದ ಕೆಲಸವೆಲ್ಲ ಅರ್ಧದಷ್ಟು ಹಗುರಾಗುತ್ತದೆ.

ಹಂತ 1: ಮೊದಲು ಪಾಠ ಆರಿಸಿ, ಆಮೇಲೆ ಊರು

ಪಠ್ಯಪುಸ್ತಕ ತೆರೆದು, ಈ ವರ್ಷದ ಪಾಠಗಳಲ್ಲಿ ತರಗತಿಯೊಳಗೆ ತೋರಿಸಲಾಗದ್ದು ಯಾವುದು ಎಂದು ಗುರುತು ಹಾಕಿಕೊಳ್ಳಿ. ನೀರಿನ ಮೂಲಗಳು, ಬೆಳೆಗಳು, ಬಟ್ಟೆ ತಯಾರಾಗುವ ಬಗೆ, ಶಿಲೆ ಮತ್ತು ಮಣ್ಣು, ಶಬ್ದ, ವೃತ್ತ ಮತ್ತು ಅಳತೆ, ಬಾದಾಮಿಯ ಚಾಲುಕ್ಯರು, ಸ್ವಾತಂತ್ರ್ಯ ಹೋರಾಟ. ಹೊರಗೆ ಹೋಗಬೇಕಾದ ಪಾಠಗಳು ಇಂಥವು. ಅವುಗಳಲ್ಲಿ ಒಂದನ್ನು ಆರಿಸಿ ಅದರ ಕಲಿಕಾ ಫಲವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕಲಿಕಾ ಫಲವೆಂದರೆ ಪಾಠ ಮುಗಿದ ಮೇಲೆ ಮಗು ಏನನ್ನು ಮಾಡಬಲ್ಲದು, ಹೇಳಬಲ್ಲದು ಎಂಬುದು. "ಇತಿಹಾಸದ ಅರಿವು ಮೂಡುವುದು" ಎಂದು ಬರೆದರೆ ಅದು ಯಾವ ಊರಿಗಾದರೂ ಸಲ್ಲುತ್ತದೆ, ಆದ್ದರಿಂದ ಯಾವ ಊರಿಗೂ ಸಲ್ಲುವುದಿಲ್ಲ. "ಎರಡು ಬಗೆಯ ಶಿಖರಗಳನ್ನು ನೋಡಿ ವ್ಯತ್ಯಾಸವನ್ನು ಚಿತ್ರ ಬರೆದು ತೋರಿಸುವುದು" ಎಂದು ಬರೆದರೆ ಪಟ್ಟದಕಲ್ಲು ತಾನಾಗಿಯೇ ಕಣ್ಣ ಮುಂದೆ ಬರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಏಳೂ ತರಗತಿಗಳನ್ನು ಒಂದೇ ಬಸ್ಸಿಗೆ ತುಂಬುವುದು. ಖರ್ಚು ಉಳಿಯುತ್ತದೆ ಎಂಬುದು ನಿಜ. ಆದರೆ ಒಂದನೆಯ ತರಗತಿಯ ಮಗುವಿಗೂ ಏಳನೆಯ ತರಗತಿಯ ಹುಡುಗನಿಗೂ ಒಪ್ಪುವ ಪ್ರಶ್ನೆಯೊಂದು ಸಿಗುವುದು ಕಷ್ಟ.

ಹಂತ 2: ವಯಸ್ಸಿಗೆ ತಕ್ಕ ಜಾಗ

*ಒಂದರಿಂದ ಮೂರನೆಯ ತರಗತಿ.* ಇವರಿಗೆ ಬಸ್ಸೇ ಬೇಡ. ನಡೆದು ಹೋಗಿ ಊಟದ ಹೊತ್ತಿಗೆ ಮರಳುವಷ್ಟು ದೂರ ಸಾಕು. ಊರಿನ ಅಂಚೆ ಕಚೇರಿ, ವಾರದ ಸಂತೆ, ಕುಂಬಾರರ ಮನೆ, ಜೋಳದ ಹೊಲ. ಸಂತೆಯಲ್ಲಿ ಐದು ತರಕಾರಿಗಳ ಬೆಲೆ ಕೇಳಿ ಬರೆದುಕೊಂಡು ಬಂದ ಮಗು ಮರುದಿನ ಕೂಡುವ ಲೆಕ್ಕವನ್ನು ತನ್ನದೇ ಅಂಕಿಗಳಿಂದ ಮಾಡುತ್ತದೆ. ಇದನ್ನು ಪ್ರವಾಸವೆಂದು ಕರೆಯಲು ಹಲವು ಶಾಲೆಗಳು ಹಿಂಜರಿಯುತ್ತವೆ. ನನ್ನ ಮಟ್ಟಿಗೆ ವರ್ಷಕ್ಕೊಂದು ದೂರದ ಪ್ರಯಾಣಕ್ಕಿಂತ ಇಂಥ ನಾಲ್ಕು ನಡಿಗೆಗಳು ಹೆಚ್ಚು ಕಲಿಸುತ್ತವೆ.

*ನಾಲ್ಕು ಮತ್ತು ಐದನೆಯ ತರಗತಿ.* ಒಂದು ವಸ್ತು ತಯಾರಾಗುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ವಯಸ್ಸು ಇದು. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಯ ಸುತ್ತಲಿನವರಿಗೆ ಮಗ್ಗದ ಮನೆ ಹತ್ತಿರವಿದೆ. ಇಳಕಲ್ಲ ಸೀರೆಯ ಮೈಯನ್ನೂ ರೇಷ್ಮೆಯ ಸೆರಗನ್ನೂ ಕೊಂಡಿ ಹಾಕಿ ಕೂಡಿಸುವುದು ಅದರ ವಿಶೇಷ. ಮೈಯ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕುಣಿಕೆ ಸೇರಿಸುವ ಈ ಕೆಲಸವನ್ನು ಮಕ್ಕಳು ಹತ್ತಿರ ನಿಂತು ನೋಡಬೇಕು. ಹಾಸು ಯಾವುದು, ಅಡ್ಡಕ್ಕೆ ಹೋಗುವ ಹೊಕ್ಕು ಯಾವುದು, ಹೊಕ್ಕಿನ ನೂಲನ್ನು ಒಯ್ಯುವ ಲಾಳಿ ಎಡದಿಂದ ಬಲಕ್ಕೆ ಹೋಗುವಾಗ ಯಾವ ಎಳೆಗಳು ಮೇಲೇಳುತ್ತವೆ? ಇದನ್ನು ಕಂಡ ಮಗು ಶಾಲೆಗೆ ಬಂದು ಬಣ್ಣದ ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯಬಲ್ಲದು. ಮಗ್ಗದ ಕೋಣೆ ಇಕ್ಕಟ್ಟಾಗಿರುತ್ತದೆ. ಎಂಟು ಹತ್ತು ಮಕ್ಕಳಿಗಿಂತ ಹೆಚ್ಚು ಒಮ್ಮೆಗೆ ಬೇಡ. ನೇಕಾರರ ಕೆಲಸ ನಿಂತರೆ ಅವರ ಆ ದಿನದ ದುಡಿಮೆ ಕಡಿಮೆಯಾಗುತ್ತದೆ ಎಂಬುದನ್ನೂ ನೆನಪಿಡಿ. ಮೊದಲೇ ಕೇಳಿ ಸಮಯ ಗೊತ್ತುಮಾಡಿಕೊಳ್ಳಿ, ಕೈಲಾದ ಗೌರವಧನ ಕೊಡಿ.

ಮುಧೋಳ, ಮಹಾಲಿಂಗಪುರ, ಜಮಖಂಡಿ ಕಡೆಯವರಿಗೆ ಬೆಲ್ಲದ ಗಾಣ ಇನ್ನೊಂದು ಒಳ್ಳೆಯ ಆಯ್ಕೆ. ಕಬ್ಬು ಅರೆಯುವುದು, ಕಬ್ಬಿನ ಹಾಲು ಕುದಿಯುವುದು, ರಾಡಿ ತೆಗೆಯುವುದು, ಪಾಕವನ್ನು ಅಚ್ಚಿಗೆ ಸುರಿಯುವುದು ಎಲ್ಲವನ್ನೂ ಅರ್ಧ ದಿನದಲ್ಲಿ ನೋಡಬಹುದು. ದ್ರವ ಘನವಾಗುವುದು, ನೀರು ಆವಿಯಾಗಿ ಹೋಗುವುದು, ಕಬ್ಬಿಪ್ಪೆಯೇ ಉರುವಲಾಗುವುದು, ಹೀಗೆ ವಿಜ್ಞಾನದ ಮೂರು ವಿಷಯಗಳು ಒಂದೇ ಕಡೆ ಸಿಗುತ್ತವೆ. ಆದರೆ ಕುದಿಯುವ ಕೊಪ್ಪರಿಗೆಯ ಸುತ್ತ ಹಗ್ಗ ಕಟ್ಟಿ ಗಡಿ ಗುರುತಿಸದೆ ಒಂದು ಮಗುವನ್ನೂ ಒಳಗೆ ಬಿಡಬೇಡಿ. ಅರೆಯುವ ಯಂತ್ರದ ಬಳಿಗೆ ಯಾರೂ ಹೋಗಕೂಡದು. ಅಷ್ಟು ಜಾಗವಿಲ್ಲದ ಗಾಣವಾದರೆ ಬೇರೆ ಗಾಣ ಹುಡುಕಿ.

*ಆರು ಮತ್ತು ಏಳನೆಯ ತರಗತಿ.* ಇವರಿಗೆ ಸ್ಮಾರಕಗಳು, ಅಣೆಕಟ್ಟು, ವಸ್ತುಸಂಗ್ರಹಾಲಯ. ನಮ್ಮ ಜಿಲ್ಲೆಗಳ ಸಿರಿವಂತಿಕೆ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಬಾದಾಮಿ: ನಾಲ್ಕು ಗುಹೆಗಳನ್ನೂ ಕೋಟೆಯನ್ನೂ ಕೆರೆಯನ್ನೂ ಒಂದೇ ದಿನ ನೋಡಿಸುವ ಹಟ ಬೇಡ. ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜನಿದ್ದಾನೆ. ಕೈಗಳ ಸಂಖ್ಯೆಯನ್ನು ಮೊದಲೇ ಹೇಳದೆ ಮಕ್ಕಳಿಂದಲೇ ಎಣಿಸಿ. ಅದೇ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಆನೆಗೂ ಎತ್ತಿಗೂ ಒಂದೇ ತಲೆಯಿರುವ ಶಿಲ್ಪವಿದೆ. ಒಂದು ಪಕ್ಕದಿಂದ ಆನೆ, ಇನ್ನೊಂದು ಪಕ್ಕದಿಂದ ಎತ್ತು. ಮೂರನೆಯ ಗುಹೆಯಲ್ಲಿ ಮಂಗಳೇಶ ಹಾಕಿಸಿದ, ಕ್ರಿ.ಶ. 578ರ ಶಾಸನವಿದೆ. ಈ ವರ್ಷದಿಂದ 578 ಕಳೆದರೆ ಗುಹೆಯ ವಯಸ್ಸು ಸಿಗುತ್ತದೆ. ಲೆಕ್ಕವನ್ನು ಅಲ್ಲಿಯೇ ನಿಂತು ಮಾಡಿಸಿ. ಇನ್ನು ಶಿಲ್ಪಗಳನ್ನು ಬಿಟ್ಟು ಬಂಡೆಯನ್ನೇ ನೋಡಲು ಹೇಳಿ. ಕೆಂಪು ಮರಳುಗಲ್ಲಿನಲ್ಲಿ ಅಡ್ಡ ಗೆರೆಗಳು ಕಾಣುತ್ತವೆ. ಮರಳು ಪದರ ಪದರವಾಗಿ ಕೂತು ಕಲ್ಲಾದ ಕುರುಹು ಅದು. ಪದರಶಿಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಸರ್ವಜ್ಞನ ತ್ರಿಪದಿ ಓದಿದ ಮಕ್ಕಳಿಗೆ, ಕನ್ನಡದ ತೀರ ಹಳೆಯ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನ ಇದೇ ಊರಿನ ಬಂಡೆಯ ಮೇಲಿದೆ ಎಂದು ತಿಳಿಸಿ. ಅಲ್ಲಿಗೆ ಹತ್ತಿಸುವ ಅಗತ್ಯವಿಲ್ಲ, ಚಿತ್ರ ತೋರಿಸಿದರೆ ಸಾಕು.

ಪಟ್ಟದಕಲ್ಲು: ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಮಟ್ಟಸವಾದ ಹುಲ್ಲುಹಾಸಿನ ನಡುವೆ ಗುಡಿಗಳು ಒಂದರ ಪಕ್ಕ ಒಂದು ನಿಂತಿರುವುದರಿಂದ ಹೋಲಿಸಿ ನೋಡಲು ಇಂಥ ಜಾಗ ಮತ್ತೊಂದಿಲ್ಲ. ವಿರೂಪಾಕ್ಷ ಗುಡಿಯ ಶಿಖರ ಅಂತಸ್ತು ಅಂತಸ್ತಾಗಿ ಮೇಲೇರುತ್ತದೆ, ಅದು ದ್ರಾವಿಡ ಶೈಲಿ. ಗಳಗನಾಥ, ಕಾಶಿ ವಿಶ್ವನಾಥ ಗುಡಿಗಳ ಶಿಖರ ಬಾಗಿಕೊಂಡು ಮೇಲೆ ಹೋಗಿ ಕೂಡುತ್ತದೆ, ಅದು ನಾಗರ ಶೈಲಿ. ಹೆಸರುಗಳನ್ನು ಮೊದಲು ಹೇಳಬೇಡಿ. "ಇಲ್ಲಿನ ಶಿಖರಗಳನ್ನು ಎರಡು ಗುಂಪು ಮಾಡಿ" ಎಂದು ಹೇಳಿ ಬಿಟ್ಟುಬಿಡಿ. ಮಕ್ಕಳು ಗುಂಪು ಮಾಡಿಯೇ ಮಾಡುತ್ತಾರೆ, ಹೆಸರು ಆಮೇಲೆ ಕೊಡಿ. ಇಮ್ಮಡಿ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ ಇಲ್ಲಿನ ಎರಡು ದೊಡ್ಡ ಗುಡಿಗಳನ್ನು ಕಟ್ಟಿಸಿದರು ಎಂಬ ಮಾತನ್ನು ಹೆಣ್ಣುಮಕ್ಕಳು ಕೇಳಿಸಿಕೊಳ್ಳುವ ಬಗೆಯೇ ಬೇರೆ. ಗಾಲಿಕುರ್ಚಿ ಬಳಸುವ ಅಥವಾ ನಡೆಯಲು ಕಷ್ಟವಾಗುವ ಮಗು ತರಗತಿಯಲ್ಲಿದ್ದರೆ ಬಾದಾಮಿಯ ಮೆಟ್ಟಿಲುಗಳಿಗಿಂತ ಪಟ್ಟದಕಲ್ಲನ್ನೇ ಆರಿಸಿ.

ವಿಜಯಪುರದ ಗೋಲಗುಮ್ಮಟ: 1656ರಲ್ಲಿ ಪೂರ್ಣಗೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ. ಶಬ್ದ, ವೃತ್ತ, ಅಳತೆ ಮೂರೂ ಇಲ್ಲಿವೆ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಈ ಅಂಕಿ ಮಕ್ಕಳಿಗೆ ಕೇವಲ ಅಂಕಿಯಾಗಿ ಉಳಿಯಬಾರದು. ಹೋಗುವ ಮೊದಲೇ ಶಾಲೆಯ ಮೈದಾನದಲ್ಲಿ ಗೂಟ ಹೊಡೆದು, 19 ಮೀಟರ್ ಹಗ್ಗ ಕಟ್ಟಿ, ಸುಣ್ಣದಿಂದ ವೃತ್ತ ಎಳೆಯಿರಿ. ಮೈದಾನ ಚಿಕ್ಕದಾದರೆ ಅರ್ಧ ವೃತ್ತವಾದರೂ ಸರಿ. ನಡುವೆ ಒಂದೇ ಒಂದು ಕಂಬವಿಲ್ಲದೆ ಇಷ್ಟು ಅಗಲದ ಚಾವಣಿ ನಿಂತಿದೆ ಎಂದು ಆ ವೃತ್ತದೊಳಗೆ ನಿಂತೇ ಹೇಳಿ. "ಹಾಗಾದರೆ ಭಾರ ಎಲ್ಲಿಗೆ ಹೋಗುತ್ತದೆ?" ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಅವರು ವಿಜಯಪುರಕ್ಕೆ ಹೋಗಲಿ. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳನ್ನು ಅಲ್ಲಿ ತಾವಾಗಿಯೇ ಗುರುತಿಸುತ್ತಾರೆ.

ಗುಮ್ಮಟದ ಬುಡದಲ್ಲಿ ಒಳಸುತ್ತಿಗಿರುವ, ಮೆಲುದನಿಯೂ ಎದುರು ಪಕ್ಕಕ್ಕೆ ಕೇಳಿಸುವ ಪಿಸುಗುಟ್ಟುವ ಮೊಗಸಾಲೆಯ ಬಗ್ಗೆ ಒಂದು ಎಚ್ಚರಿಕೆ. ಅರವತ್ತು ಮಕ್ಕಳನ್ನು ಒಮ್ಮೆಗೇ ಮೇಲಕ್ಕೆ ಬಿಟ್ಟರೆ ಎಲ್ಲರೂ ಕೂಗುತ್ತಾರೆ, ಯಾರಿಗೂ ಏನೂ ಕೇಳಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಜನ ಕಡಿಮೆ ಇರುವಾಗ, ಹದಿನೈದರ ಗುಂಪಾಗಿ ಕರೆದೊಯ್ಯಿರಿ. ಅರ್ಧ ಗುಂಪು ಒಂದು ಪಕ್ಕ, ಅರ್ಧ ಗುಂಪು ಎದುರು ಪಕ್ಕ. ಒಂದು ಮಗು ಗೋಡೆಗೆ ಬಾಯಿಟ್ಟು ಮೆಲ್ಲಗೆ ತನ್ನ ಹೆಸರು ಹೇಳಲಿ, ಎದುರಿನವರು ಗೋಡೆಗೆ ಕಿವಿಯಿಟ್ಟು ಬರೆದುಕೊಳ್ಳಲಿ. ಆಮೇಲೆ ಒಬ್ಬರು ಮಾತ್ರ ಚಪ್ಪಾಳೆ ತಟ್ಟಲಿ, ಉಳಿದವರು ಪ್ರತಿಧ್ವನಿ ಎಣಿಸಲಿ. ಮೂಲೆಯ ಗೋಪುರದ ಮೆಟ್ಟಿಲುಗಳು ಇಕ್ಕಟ್ಟು, ಏರು ಏಳು ಅಂತಸ್ತಿನಷ್ಟು. ಮುಂದೊಬ್ಬ, ಹಿಂದೊಬ್ಬ ಶಿಕ್ಷಕರು ಇರಲೇಬೇಕು. ನಾಲ್ಕನೆಯ ತರಗತಿಗಿಂತ ಚಿಕ್ಕವರನ್ನು ನಾನು ಮೇಲಕ್ಕೆ ಹತ್ತಿಸುವುದಿಲ್ಲ. ಎತ್ತರದ ಭಯವಿರುವ ಮಗುವನ್ನು ಒತ್ತಾಯಿಸಬೇಡಿ. ಕೆಳಗೆ ನಿಂತು ಮೇಲಿನ ಮಾತನ್ನು ಕೇಳಿಸಿಕೊಳ್ಳುವ ಕೆಲಸವನ್ನು ಅದಕ್ಕೆ ಕೊಡಿ.

ಆಲಮಟ್ಟಿ: ಕೃಷ್ಣೆಗೆ ಕಟ್ಟಿದ, 26 ಗೇಟುಗಳ ಅಣೆಕಟ್ಟು. ಹೆಚ್ಚಿನ ಶಾಲೆಗಳು ಉದ್ಯಾನ ನೋಡಿಸಿ ಮರಳುತ್ತವೆ. ಬಾಗಲಕೋಟೆಯ ಮಕ್ಕಳಿಗೆ ಈ ನೀರು ಮನೆಯ ಕಥೆ. ಹಿನ್ನೀರಿನಲ್ಲಿ ಹಳೆಯ ಊರಿನ ಭಾಗ ಮುಳುಗಿತು, ನವನಗರ ಎದ್ದಿತು, ಎಷ್ಟೋ ಹಳ್ಳಿಗಳು ಜಾಗ ಬದಲಿಸಿದವು. ಹೋಗುವ ವಾರದಲ್ಲಿ ಪ್ರತಿ ಮಗುವೂ ಅಜ್ಜ ಅಜ್ಜಿಯರಲ್ಲಿ ಒಬ್ಬರನ್ನು ಕೇಳಿ ಬರಲಿ: ಹಳೆಯ ಮನೆ ಎಲ್ಲಿತ್ತು, ಹೊಲ ಎಲ್ಲಿತ್ತು, ಈಗ ಅಲ್ಲಿ ಏನಿದೆ? ಅಣೆಕಟ್ಟಿನಿಂದ ಆದ ನೀರಾವರಿ, ವಿದ್ಯುತ್ತು, ಕಳೆದುಹೋದ ಊರು ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯಲು ಅವರಿಗೆ ಸಾಧ್ಯವಾಗುತ್ತದೆ. ಕೆಲವು ಮನೆಗಳಲ್ಲಿ ಈ ನೆನಪು ಇನ್ನೂ ನೋಯುತ್ತದೆ, ಹೇಳಲು ಇಷ್ಟವಿಲ್ಲದವರನ್ನು ಕೆದಕಬಾರದು ಎಂದು ಮಕ್ಕಳಿಗೆ ಮೊದಲೇ ತಿಳಿಸಿ.

ಬೆಳಗಾವಿ ಜಿಲ್ಲೆಯವರಿಗೆ ಕಿತ್ತೂರಿನ ಕೋಟೆ ಮತ್ತು ಅದರ ವಸ್ತುಸಂಗ್ರಹಾಲಯವಿದೆ, 1824ರ ಹೋರಾಟದ ನೆಲ. ಬೆಳಗಾವಿ ನಗರದಲ್ಲಿ 1924ರ ಕಾಂಗ್ರೆಸ್ ಅಧಿವೇಶನದ ನೆನಪಿನ ವೀರಸೌಧವಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗೋಕಾಕ ಜಲಪಾತ ಮಳೆಗಾಲದಲ್ಲಿ ಮನಸೆಳೆಯುತ್ತದೆ, ಆದರೆ ಜಾರುವ ಬಂಡೆಗಳ ನಡುವೆ ಪ್ರಾಥಮಿಕ ಮಕ್ಕಳ ದೊಡ್ಡ ಗುಂಪನ್ನು ಕಾಯುವುದು ಸುಲಭವಲ್ಲ. ನಾನಾದರೆ ಪ್ರೌಢಶಾಲೆಯವರಿಗೆ ಬಿಡುತ್ತೇನೆ.

ಹಂತ 3: ಪೂರ್ವಭೇಟಿ

ಮಕ್ಕಳನ್ನು ಕರೆದೊಯ್ಯುವ ಮೊದಲು ಒಬ್ಬ ಶಿಕ್ಷಕರಾದರೂ ಆ ಜಾಗಕ್ಕೆ ಹೋಗಿ ಬರಬೇಕು. ಹಿಂದೆ ನೋಡಿದ್ದೇನೆ ಎಂದು ಇದನ್ನು ಬಿಡಬೇಡಿ. ನೋಡಿಕೊಂಡು ಬರಬೇಕಾದದ್ದು ಇಷ್ಟು:

- ಶೌಚಾಲಯ ಎಲ್ಲಿದೆ, ಹೆಣ್ಣುಮಕ್ಕಳಿಗೆ ಬಳಸುವಂತಿದೆಯೇ, ನೀರು ಬರುತ್ತದೆಯೇ. ಇದು ಮೊದಲನೆಯದು. ಶೌಚಾಲಯದ ಭಯಕ್ಕೆ ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರಿದ್ದಾರೆ.
- ಬುತ್ತಿ ಬಿಚ್ಚಲು ನೆರಳಿನ ಜಾಗ. ಸಂರಕ್ಷಿತ ಸ್ಮಾರಕಗಳ ಒಳಗೆ ಊಟ ಮಾಡುವಂತಿಲ್ಲ.
- ಬಸ್ ಎಲ್ಲಿ ನಿಲ್ಲುತ್ತದೆ, ಇಳಿದ ಮೇಲೆ ರಸ್ತೆ ದಾಟಬೇಕೇ.
- ಹತ್ತಿರದ ಆಸ್ಪತ್ರೆ.
- ನೀರಿನ ಅಂಚು, ಬೇಲಿಯಿಲ್ಲದ ಬಾವಿ, ಕೋತಿಗಳು, ಹೆಜ್ಜೇನಿನ ಗೂಡು. ಬಾದಾಮಿಯಲ್ಲಿ ಕೋತಿಗಳ ಕಾಟ ಹೆಚ್ಚು. ತಿಂಡಿಯ ಚೀಲ ಕೈಯಲ್ಲಿದ್ದರೆ ಅವು ನೇರವಾಗಿ ಮಗುವಿನ ಮೈಮೇಲೇ ಬರುತ್ತವೆ.
- ರಜಾ ದಿನ. ಗೋಲಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯವೂ ಬಾದಾಮಿ, ಐಹೊಳೆಗಳ ಸಂಗ್ರಹಾಲಯಗಳೂ ಶುಕ್ರವಾರ ಮುಚ್ಚಿರುತ್ತವೆ.

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ದೊಡ್ಡವರ ಟಿಕೆಟ್ ದರವನ್ನು ಪೂರ್ವಭೇಟಿಯ ದಿನವೇ ಬರೆದುಕೊಳ್ಳಿ.

ಹಂತ 4: ಅನುಮತಿ ಮತ್ತು ಒಪ್ಪಿಗೆ

ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ. ನಂತರ ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಅರ್ಜಿ ಸಲ್ಲಿಸಿ. ಬಿಇಒ ಎಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ. ದಿನಾಂಕ, ಮಾರ್ಗ, ಮಕ್ಕಳ ಹೆಸರು, ಜೊತೆಗೆ ಹೋಗುವ ಶಿಕ್ಷಕರ ಹೆಸರು, ವಾಹನದ ವಿವರ ಇವೆಲ್ಲ ಅರ್ಜಿಯಲ್ಲಿರಲಿ. ಇಲಾಖೆ ಕಾಲಕಾಲಕ್ಕೆ ಹೊರಡಿಸುವ ಸುತ್ತೋಲೆಗಳಲ್ಲಿ ಷರತ್ತುಗಳು ಬದಲಾಗುತ್ತವೆ. ಹಳೆಯ ಅರ್ಜಿಯ ನಕಲು ತೆಗೆದು ದಿನಾಂಕ ಮಾತ್ರ ತಿದ್ದುವ ಅಭ್ಯಾಸ ಒಳ್ಳೆಯದಲ್ಲ. ಆ ವರ್ಷದ ಸುತ್ತೋಲೆಯನ್ನು ಕೇಳಿ ಪಡೆದು ಓದಿ. ಅನುಮತಿ ಕೈಗೆ ಬರುವ ಮೊದಲು ಬಸ್ಸಿಗೆ ಮುಂಗಡ ಕಟ್ಟಬೇಡಿ.

ಪಾಲಕರ ಒಪ್ಪಿಗೆ ಪತ್ರ ಬರಿಯ ಸಹಿಯ ಚೀಟಿಯಾಗಬಾರದು. ಹೊರಡುವ ಮತ್ತು ಮರಳುವ ಸಮಯ, ಎರಡು ಫೋನ್ ಸಂಖ್ಯೆ, ಮಗುವಿಗೆ ಉಬ್ಬಸ, ಮೂರ್ಛೆ, ಅಲರ್ಜಿ, ಬಸ್ಸಿನಲ್ಲಿ ವಾಂತಿ ಇವುಗಳಲ್ಲಿ ಏನಾದರೂ ಇದೆಯೇ, ಯಾವ ಔಷಧ ಕೊಡಬೇಕು ಎಂಬುದು ಅದರಲ್ಲಿರಲಿ. ಓದು ಬರಹ ಬಾರದ ತಾಯಂದಿರಿಗೆ ಶಾಲೆಗೆ ಕರೆಸಿ ಓದಿ ಹೇಳಿ. ಹೆಬ್ಬೆಟ್ಟಿನ ಕೆಳಗೆ ಏನಿದೆ ಎಂಬುದು ಅವರಿಗೂ ಗೊತ್ತಿರಬೇಕಲ್ಲವೇ?

ಹಂತ 5: ಬಸ್ಸು ಮತ್ತು ಹಣ

ಸರ್ಕಾರಿ ಬಸ್ಸನ್ನೇ ಮೊದಲು ವಿಚಾರಿಸಿ. ಬಾಗಲಕೋಟೆ, ಬೆಳಗಾವಿಯವರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋಗೆ, ವಿಜಯಪುರದವರು ಕಲ್ಯಾಣ ಕರ್ನಾಟಕ ಸಂಸ್ಥೆಯ ಡಿಪೋಗೆ ಹೋಗಿ ಒಪ್ಪಂದದ ಬಸ್ ಕೇಳಬೇಕು. ಒಪ್ಪಂದದ ಬಸ್ ಎಂದರೆ ದಿನಕ್ಕೆ ಇಂತಿಷ್ಟು ಎಂದು ಇಡೀ ಬಸ್ಸನ್ನು ಬಾಡಿಗೆಗೆ ಪಡೆಯುವುದು. ಡಿಸೆಂಬರ್‌ನಲ್ಲಿ ಬೇಡಿಕೆ ಹೆಚ್ಚು, ಬೇಗ ಕೇಳಿದಷ್ಟೂ ಒಳ್ಳೆಯದು. ಖಾಸಗಿ ವಾಹನವೇ ಅನಿವಾರ್ಯವಾದರೆ ಎಫ್‌ಸಿ, ಅಂದರೆ ವಾಹನ ರಸ್ತೆಗಿಳಿಯಲು ಯೋಗ್ಯವೆಂಬ ಪ್ರಮಾಣಪತ್ರ, ವಿಮೆ, ಪರ್ಮಿಟ್, ಚಾಲಕರ ಪರವಾನಗಿ ನಾಲ್ಕರ ನಕಲನ್ನೂ ಪಡೆಯಿರಿ. ಟ್ರ್ಯಾಕ್ಟರ್, ಸರಕಿನ ಟಂಟಂ, ಗೂಡ್ಸ್ ವಾಹನದಲ್ಲಿ ಮಕ್ಕಳನ್ನು ಕೂರಿಸುವ ಮಾತೇ ಬೇಡ. ಸೀಟಿಗೆ ಇಬ್ಬರಂತೆ ಒತ್ತುವುದೂ ಬೇಡ.

ಮರಳುವ ಸಮಯವನ್ನು ಕತ್ತಲಿಗೆ ಮೊದಲೇ ಇಟ್ಟುಕೊಳ್ಳಿ. ನಮ್ಮ ಕಡೆ ಪ್ರವಾಸದ ಕಾಲವೂ ಕಬ್ಬಿನ ಹಂಗಾಮೂ ಒಂದೇ. ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಹೋಗುವ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಅಲ್ಲಿಂದ ಹೊರಟರೆ ಹೆಚ್ಚಿನ ಊರುಗಳಿಗೆ ಬೆಳಕಿರುವಾಗಲೇ ಮುಟ್ಟಬಹುದು.

ಹಣದ ವಿಷಯದಲ್ಲಿ ನನಗೆ ಬಹಳ ನೋವಾಗುವ ಪದ್ಧತಿಯೊಂದಿದೆ: ತರಗತಿಯಲ್ಲಿ "ದುಡ್ಡು ತಂದವರು ಕೈ ಎತ್ತಿ" ಎನ್ನುವುದು. ತರಲಾಗದ ಮಗು ಅಂದೇ ಪ್ರವಾಸದ ಹೊರಗಾಗುತ್ತದೆ, ಮರುದಿನದಿಂದ ಶಾಲೆಗೆ ಬರಲೂ ಹಿಂಜರಿಯುತ್ತದೆ. ಒಟ್ಟು ಖರ್ಚನ್ನು ಎಸ್‌ಡಿಎಂಸಿ ಮುಂದಿಡಿ, ದಾನಿಗಳನ್ನು ಮೊದಲೇ ಕೇಳಿ, ಪಾಲಕರಿಂದ ಬರುವುದನ್ನು ಕಚೇರಿಯಲ್ಲಿ ಒಬ್ಬೊಬ್ಬರಾಗಿ ಪಡೆಯಿರಿ. ತರಗತಿಯ ಎಲ್ಲರೂ ಬರುವಂತಾಗದಿದ್ದರೆ ಹತ್ತಿರದ, ಅಗ್ಗದ ಜಾಗವನ್ನು ಆರಿಸಿ. ಪ್ರವಾಸ ಪಾಠವಾಗಿದ್ದರೆ ಅದರಿಂದ ಯಾರನ್ನೂ ಹೊರಗಿಡುವ ಹಾಗಿಲ್ಲ.

ಹಂತ 6: ಹೋಗುವ ಮುಂಚಿನ ವಾರ

ತರಗತಿಯಲ್ಲಿ ಜಾಗದ ಬಗ್ಗೆ ಎಲ್ಲವನ್ನೂ ಹೇಳಿಬಿಡಬೇಡಿ. ನಕಾಶೆ ಬರೆಸಿ, ದಾರಿಯ ಊರುಗಳನ್ನು ಗುರುತಿಸಿ, ಮಕ್ಕಳಿಗೆ ಏನು ತಿಳಿಯಬೇಕಿದೆ ಎಂದು ಕೇಳಿ ಅವರ ಪ್ರಶ್ನೆಗಳನ್ನೇ ಬರೆದಿಟ್ಟುಕೊಳ್ಳಿ. ಆ ಪ್ರಶ್ನೆಗಳಿಂದ ಕ್ರಿಯಾ ಹಾಳೆ ತಯಾರಿಸಿ. ಮಗು ಅಲ್ಲಿ ನೋಡಿ, ಎಣಿಸಿ, ಅಳೆದು, ಚಿತ್ರ ಬರೆದು ತುಂಬಬೇಕಾದ ಒಂದು ಪುಟವೇ ಕ್ರಿಯಾ ಹಾಳೆ. ಒಂದೇ ಪುಟ ಸಾಕು. ಮೂರು ಪುಟ ಕೊಟ್ಟರೆ ಮಗು ತಲೆ ಎತ್ತುವುದೇ ಇಲ್ಲ.

ಫಲಕ ನೋಡಿ ನಕಲು ಮಾಡಬಹುದಾದ ಪ್ರಶ್ನೆಗಳನ್ನು ಹಾಕಬೇಡಿ. "ಯಾರು ಕಟ್ಟಿಸಿದರು? ಯಾವಾಗ?" ಎಂದು ಕೇಳಿದರೆ ಇಡೀ ಗುಂಪು ಫಲಕದ ಮುಂದೆ ಸಾಲು ನಿಲ್ಲುತ್ತದೆ, ಗುಡಿಗೆ ಬೆನ್ನು ಮಾಡಿ. ಹೀಗೆ ಕೇಳಿ ನೋಡಿ:

- ಈ ಗೋಡೆಯ ಉದ್ದ ನಿನ್ನ ಎಷ್ಟು ಹೆಜ್ಜೆ? ಗೆಳೆಯನ ಎಷ್ಟು ಹೆಜ್ಜೆ? ಏಕೆ ಬೇರೆ ಬಂತು?
- ನಿನಗೆ ಗುರುತು ಸಿಕ್ಕ ಮೂರು ಪ್ರಾಣಿಗಳನ್ನು ಶಿಲ್ಪದಲ್ಲಿ ಹುಡುಕಿ, ಒಂದರ ಚಿತ್ರ ಬರೆ.
- ಈಗ ಮುರಿದಿರುವ ಒಂದು ಭಾಗ ಮೊದಲು ಹೇಗಿದ್ದಿರಬಹುದು? ಚಿತ್ರವನ್ನು ಪೂರ್ತಿ ಮಾಡು.
- ಕಣ್ಣು ಮುಚ್ಚಿ ಒಂದು ನಿಮಿಷ ಕೂತು ಕೇಳಿಸಿದ ಶಬ್ದಗಳನ್ನೆಲ್ಲ ಬರೆ.

ಇನ್ನೂ ಸರಾಗವಾಗಿ ಬರೆಯಲು ಬಾರದ ಮಗುವಿಗೆ ಚಿತ್ರ ಬರೆಯುವ, ಎಣಿಸುವ, ಹೇಳಿ ಬರೆಸುವ ಅವಕಾಶವಿರಲಿ.

ಇದೇ ವಾರದಲ್ಲಿ ಗುಂಪುಗಳನ್ನೂ ಮಾಡಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಶಿಕ್ಷಕರು ಸಾಲದಿದ್ದರೆ ಪಾಲಕರನ್ನು, ಅದರಲ್ಲೂ ತಾಯಂದಿರನ್ನು ಸೇರಿಸಿಕೊಳ್ಳಿ. ಶಿಕ್ಷಕಿಯೊಬ್ಬರು ಇಲ್ಲದೆ ಹೆಣ್ಣುಮಕ್ಕಳನ್ನು ಕರೆದೊಯ್ಯಬೇಡಿ. ಪ್ರತಿ ಮಗುವಿಗೂ ಒಂದು ಜೋಡಿ ಇರಲಿ, ಊಟಕ್ಕೂ ಶೌಚಾಲಯಕ್ಕೂ ಜೋಡಿಯಾಗಿಯೇ ಹೋಗಲಿ. ಸ್ಮಾರಕದ ಮೇಲೆ ಹೆಸರು ಕೆತ್ತುವುದು ಅಪರಾಧವೆಂದೂ, 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆಯೆಂದೂ ತಿಳಿಸಿ. ಹೆದರಿಸಲು ಅಲ್ಲ, ಅದು ಅಷ್ಟು ಬೆಲೆಯುಳ್ಳದ್ದು ಎಂದು ಗೊತ್ತಾಗಲು.

ಶಾಲೆಯ ಚೀಲದಲ್ಲಿರಬೇಕಾದವು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಆರ್‌ಎಸ್ ಪೊಟ್ಟಣ, ವಾಂತಿಗೆ ಕಾಗದದ ಚೀಲ, ಹಿರಿಯ ಹುಡುಗಿಯರಿಗಾಗಿ ಸ್ಯಾನಿಟರಿ ಪ್ಯಾಡ್, ಸೀಟಿ, ಅಳತೆ ಪಟ್ಟಿ, ಹೆಚ್ಚುವರಿ ಪೆನ್ಸಿಲ್, ಒಪ್ಪಿಗೆ ಪತ್ರಗಳ ಕಡತ. ಮಗುವಿನ ಚೀಲದಲ್ಲಿ ನೀರು, ಟೋಪಿ, ಬುತ್ತಿ. ರೊಟ್ಟಿ, ಶೇಂಗಾ ಚಟ್ನಿ, ಒಣ ಪಲ್ಯ ಕೆಡುವುದಿಲ್ಲ. ಮೊಸರು ಬೆರೆಸಿದ ಅನ್ನ ಮಧ್ಯಾಹ್ನದ ಬಿಸಿಲಿಗೆ ಹುಳಿಯಾಗುತ್ತದೆ. ಹೊಸ ಚಪ್ಪಲಿ, ಬೂಟು ಅಂದೇ ತೊಡಿಸಬೇಡಿ ಎಂದು ಪಾಲಕರಿಗೆ ಹೇಳಿಬಿಡಿ.

ಹಂತ 7: ಆ ದಿನ

ಬಸ್ ಹತ್ತುವಾಗ, ಇಳಿಯುವಾಗ, ಊಟದ ನಂತರ, ಜಾಗ ಬಿಡುವ ಮುನ್ನ ಹೆಸರು ಕರೆದು ಎಣಿಸಿ. ತಲೆ ಎಣಿಸಿದರೆ ಸಾಲದು. ಬೇರೆ ಶಾಲೆಯ ಮಗು ನಿಮ್ಮ ಸಾಲಿಗೆ ಸೇರಿಕೊಂಡರೂ ಸಂಖ್ಯೆ ಸರಿಯಾಗಿಯೇ ಬರುತ್ತದೆ. ಪ್ರತಿ ಮಗುವಿನ ಬಳಿ ಶಾಲೆಯ ಹೆಸರು ಮತ್ತು ಶಿಕ್ಷಕರ ಫೋನ್ ಸಂಖ್ಯೆಯ ಚೀಟಿ ಇರಲಿ. ಮಗುವಿನ ಹೆಸರನ್ನು ದೊಡ್ಡದಾಗಿ ಎದೆಯ ಮೇಲೆ ಬರೆಯುವುದು ಬೇಡ, ಅಪರಿಚಿತರು ಹೆಸರು ಹಿಡಿದು ಕರೆಯಲು ಅದು ದಾರಿ.

ಮಾರ್ಗದರ್ಶಕರನ್ನು, ಅಂದರೆ ಗೈಡ್‌ಗಳನ್ನು ಗೊತ್ತುಮಾಡಿಕೊಂಡರೆ ಮೊದಲೇ ಮಾತಾಡಿ: ಇಪ್ಪತ್ತು ನಿಮಿಷ, ಕನ್ನಡದಲ್ಲಿ, ಈ ಎರಡು ಶಿಲ್ಪಗಳ ಬಗ್ಗೆ. ಇಲ್ಲವಾದರೆ ರಾಜರ ವಂಶಾವಳಿಯನ್ನು ಒಂದು ಗಂಟೆ ಬಿಸಿಲಲ್ಲಿ ನಿಂತು ಕೇಳಬೇಕಾಗುತ್ತದೆ. ನಂತರ ಒಂದು ಗಂಟೆಯಾದರೂ ಮಕ್ಕಳನ್ನು ಗುಂಪುಗಳಲ್ಲಿ ಕ್ರಿಯಾ ಹಾಳೆಯೊಂದಿಗೆ ಬಿಡಿ. ಕೂತು ಚಿತ್ರ ಬರೆಯುವ ಹೊ‌ತ್ತಿನಲ್ಲಿ ಮಗು ಕಂಬವನ್ನು ನಿಜವಾಗಿ ನೋಡುತ್ತದೆ. ಈ ಹೊತ್ತಿನಲ್ಲಿ ಶಿಕ್ಷಕರು ಮಾಡುವ ಸಾಮಾನ್ಯ ತಪ್ಪು ಉತ್ತರ ಹೇಳಿಕೊಡುವುದು. ತಪ್ಪು ಉತ್ತರವನ್ನೂ ಹಾಗೆಯೇ ಬರೆದುಕೊಂಡು ಬರಲಿ, ಮರುದಿನ ಚರ್ಚಿಸಲು ಅದು ಬೇಕು.

ನೀರಿಗೆ ಯಾರೂ ಇಳಿಯಬಾರದು. ಬಾದಾಮಿಯ ಅಗಸ್ತ್ಯ ತೀರ್ಥ, ಪಟ್ಟದಕಲ್ಲಿನ ಮಲಪ್ರಭೆ, ಕೂಡಲಸಂಗಮದ ಘಟ್ಟ, ಆಲಮಟ್ಟಿಯ ಹಿನ್ನೀರು, ಎಲ್ಲಕ್ಕೂ ಒಂದೇ ನಿಯಮ. ಕಾಲು ತೊಳೆಯಲೂ ಇಲ್ಲ, ಈಜು ಬಲ್ಲವರಿಗೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಸ್ವಲ್ಪ ಹೊತ್ತು ಎಂದು ಮಕ್ಕಳು ಎಷ್ಟೇ ಗೋಗರೆದರೂ ಒಪ್ಪಬೇಡಿ. ನೀರಿನ ಕಡೆಗೆ ಬೆನ್ನು ಮಾಡದೆ ಒಬ್ಬ ಶಿಕ್ಷಕರು ಅಂಚಿನಲ್ಲಿ ನಿಂತೇ ಇರಬೇಕು. ಅವರಿಗೆ ಫೋಟೊ ತೆಗೆಯುವ ಕೆಲಸ ಕೊಡಬೇಡಿ.

ಆಂಬುಲೆನ್ಸ್‌ಗೆ 108, ಪೊಲೀಸರೂ ಸೇರಿ ಯಾವುದೇ ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಗಳು ಪ್ರತಿ ದೊಡ್ಡವರ ಮೊಬೈಲಿನಲ್ಲೂ ಇರಲಿ.

ಮಕ್ಕಳ ಮುಖ ಕಾಣುವ ಫೋಟೊಗಳನ್ನು ಪಾಲಕರನ್ನು ಕೇಳದೆ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ.

ಹಂತ 8: ಮರಳಿದ ಮೇಲೆ

ಹೆಚ್ಚಿನ ಹೊರಸಂಚಾರಗಳು ಬಸ್ ಇಳಿದಲ್ಲಿಗೇ ಮುಗಿಯುತ್ತವೆ, ಬಹಳವೆಂದರೆ "ನಾನು ಕಂಡ ಪ್ರವಾಸಿ ತಾಣ" ಎಂಬ ಪ್ರಬಂಧದಲ್ಲಿ. "ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ" ಎಂದು ಶುರುವಾಗುವ ನಲವತ್ತು ಒಂದೇ ಬಗೆಯ ಪ್ರಬಂಧಗಳನ್ನು ತಿದ್ದುವುದಕ್ಕಿಂತ, ಮರುದಿನದ ಎರಡು ಅವಧಿಗಳನ್ನು ಕ್ರಿಯಾ ಹಾಳೆಗಳಿಗೆ ಕೊಡಿ. ಒಬ್ಬರ ಉತ್ತರ ಇನ್ನೊಬ್ಬರದಕ್ಕಿಂತ ಬೇರೆಯಾಗಿದ್ದರೆ ಇಬ್ಬರೂ ಕಾರಣ ಹೇಳಲಿ. ಹೆಜ್ಜೆಯ ಅಳತೆಗಳನ್ನು ಹಲಗೆಯ ಮೇಲೆ ಬರೆದು ಸರಾಸರಿ ತೆಗೆಸಿ. ಜೇಡಿಮಣ್ಣಿನಲ್ಲಿ ಎರಡು ಬಗೆಯ ಶಿಖರ ಮಾಡಿಸಿ. ಆ ವಾರವೇ ಪಠ್ಯದ ಪಾಠವನ್ನು ತೆಗೆದುಕೊಳ್ಳಿ, ತಿಂಗಳು ಬಿಟ್ಟರೆ ಕಂಡದ್ದು ಮಸುಕಾಗುತ್ತದೆ. ಕಲಿಕಾ ಫಲವೆಂದು ಮೊದಲ ಹಂತದಲ್ಲಿ ಬರೆದ ವಾಕ್ಯವನ್ನು ತೆಗೆದು ನೋಡಿ. ಎಷ್ಟು ಮಕ್ಕಳು ಅದನ್ನು ಮಾಡಬಲ್ಲರು ಎಂದು ಹೆಸರಿನ ಮುಂದೆ ಗುರುತು ಹಾಕಿ. ಅಂದು ಬರಲಾಗದ ಮಗು ಇದ್ದರೆ ಉಳಿದವರು ಅದಕ್ಕೆ ವಿವರಿಸಿ ಹೇಳಲಿ, ವಿವರಿಸುವವರಿಗೂ ಪಾಠ ಗಟ್ಟಿಯಾಗುತ್ತದೆ.

ನೇಕಾರರಿಗೆ, ಗಾಣದವರಿಗೆ, ಸಂಗ್ರಹಾಲಯದ ಸಿಬ್ಬಂದಿಗೆ ಮಕ್ಕಳ ಕೈಬರಹದ ಧನ್ಯವಾದ ಪತ್ರ ಕಳಿಸಿ. ಪತ್ರಲೇಖನದ ಅಭ್ಯಾಸವೂ ಅದರಲ್ಲೇ ಆಗುತ್ತದೆ. ಖರ್ಚಿನ ಲೆಕ್ಕವನ್ನು ರಸೀದಿಗಳ ಸಮೇತ ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ, ಮಿಕ್ಕ ಹಣ ಎಷ್ಟೇ ಚಿಕ್ಕದಿರಲಿ ಅದರ ಬಗ್ಗೆಯೂ ತೀರ್ಮಾನ ಮಾಡಿಸಿ.

ಕೊನೆಯದಾಗಿ ಒಂದು ಕಡತ. ಡಿಪೋದಲ್ಲಿ ಯಾವ ದಿನ ಅರ್ಜಿ ಕೊಟ್ಟಿರಿ, ಎಷ್ಟು ಬಾಡಿಗೆಯಾಯಿತು, ಶೌಚಾಲಯ ಹೇಗಿತ್ತು, ಎಲ್ಲಿ ಕೂತು ಊಟ ಮಾಡಿದಿರಿ, ಯಾವ ಪ್ರಶ್ನೆಗೆ ಮಕ್ಕಳು ಮುಗಿಬಿದ್ದರು, ಯಾವುದಕ್ಕೆ ಆಕಳಿಸಿದರು ಎಂಬುದನ್ನೆಲ್ಲ ಎರಡು ಪುಟದಲ್ಲಿ ಬರೆದು ಕ್ರಿಯಾ ಹಾಳೆಯ ಜೊತೆಗಿಡಿ. ನಿಮಗೆ ವರ್ಗಾವಣೆಯಾದರೆ ಮುಂದೆ ಬರುವವರ ಕೈಗೆ ಅದು ಸಿಗಲಿ. ಒಂದು ಪ್ರತಿಯನ್ನು ಸಿಆರ್‌ಪಿಯವರಿಗೆ, ಅಂದರೆ ನಿಮ್ಮ ಸಮೂಹದ ಸಂಪನ್ಮೂಲ ವ್ಯಕ್ತಿಗೆ ಕೊಟ್ಟು, ಮುಂದಿನ ಸಮಾಲೋಚನಾ ಸಭೆಯಲ್ಲಿ ಉಳಿದ ಶಾಲೆಗಳಿಗೂ ಹಂಚಲು ಹೇಳಿ.